ಡಾಕ್ಟರ್ ಪಾರ್ಟಿ, ಮೈದುನನ ಪಾರ್ಟಿ

ನಾನು ಡಾಕ್ಟರ್ ಪಾರ್ಟಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಮುಚ್ಚಿಟ್ಟಳು ಅಂತ ಆಮೇಲೆ ಯಾರೂ ಅನ್ನಬಾರದು.

ನಾನು ಹೇಳುತ್ತಿರುವುದು ವಾರಕ್ಕೆ ಐದು ದಿನ ಬರುವ ಒಂದು ಕನ್ನಡ ಧಾರಾವಾಹಿಯ ವಿಷಯ. ನಾಯಕಿಯ ಗಂಡ ಘಾಟಿಯಲ್ಲಿ ಕಾರು ಉರುಳಿ ಸತ್ತುಹೋಗಿದ್ದಾನೆ. ಅವಳು ಗಂಡನ ಮನೆಯಲ್ಲೇ ಇದ್ದುಕೊಂಡು ಉಪ್ಪಿನಕಾಯಿ ವ್ಯಾಪಾರ ಮಾಡಿ ಇಡೀ ಸಂಸಾರವನ್ನು ಸಾಕುತ್ತಿದ್ದಾಳೆ. ಅವಳನ್ನು ಮದುವೆಯಾಗಬೇಕು ಅಂತ ಇಬ್ಬರ ಮನಸ್ಸಿನಲ್ಲಿದೆ. ಒಬ್ಬ ಅವಳ ಮಾವನಿಗೆ ಚಿಕಿತ್ಸೆ ಕೊಡುವ ಡಾಕ್ಟರು. ಇನ್ನೊಬ್ಬ ಸತ್ತವನ ತಮ್ಮ, ಅಂದರೆ ಅವಳ ಮೈದುನ. ಡಾಕ್ಟರು ಗಂಭೀರ, ಜವಾಬ್ದಾರಿಯ ಮನುಷ್ಯ. ಮೈದುನನಿಗೆ ಗಿಟಾರ್ ಹಿಡಿದು ತಾರಸಿಯ ಮೇಲೆ ಕೂರುವುದು ಬಿಟ್ಟರೆ ಬೇರೆ ಕಸುಬಿಲ್ಲ. ಇದರಲ್ಲಿ ಯೋಚನೆ ಮಾಡುವುದಾದರೂ ಏನಿದೆ? ಆದರೆ ಸ್ವೀಡನ್ನಿನ ನಮ್ಮ ಉಪ್ಸಾಲಾ ಊರಿನಲ್ಲಿ ಈ ವಿಷಯಕ್ಕೆ ಎರಡು ವರ್ಷದಿಂದ ಜಗಳ ನಡೆಯುತ್ತಿದೆ.

ಮೈದುನನ ಪಾರ್ಟಿಯ ಮುಖ್ಯಸ್ಥೆ ನನ್ನ ಹುಬ್ಬಳ್ಳಿ ಗೆಳತಿ. ಇಬ್ಬರೂ ಒಂದೇ ಔಷಧಿ ಕಂಪನಿಯಲ್ಲಿ ಕೆಲಸ ಮಾಡುತ್ತೇವೆ, ಅವಳು ಮೇಲಿನ ಮಹಡಿ, ನಾನು ಕೆಳಗಿನ ಲ್ಯಾಬು. ಬೇರೆಯವರ ಎದುರು ಅವಳು ಅಚ್ಚ ಬೆಂಗಳೂರಿನವಳ ಹಾಗೆ ಮಾತಾಡುತ್ತಾಳೆ. ಮೈದುನನನ್ನು ಯಾರಾದರೂ ಬೈದರೆ ಮಾತ್ರ ಹುಬ್ಬಳ್ಳಿ ಹೊರಗೆ ಬರುತ್ತದೆ. ಮೂರನೆಯವರು ದೊಡ್ಡಮ್ಮ. ಮೈಸೂರಿನವರು, ಮಗ ಸೊಸೆಯ ಜೊತೆ ನಮ್ಮ ಬೀದಿಯಲ್ಲೇ ಇದ್ದಾರೆ, ನಾವೆಲ್ಲ ಅವರನ್ನು ದೊಡ್ಡಮ್ಮ ಅಂತಲೇ ಕರೆಯುವುದು. ಅವರದ್ದು ಒಂಟಿ ಪಕ್ಷ: ಗಂಡ ಸತ್ತೇ ಇಲ್ಲ. "ಹೆಣ ತೋರಿಸಿದ್ರಾ? ಇಲ್ಲ. ಮತ್ತೆ? ಹೆಣ ತೋರಿಸದೆ ಸಾಯಿಸೋಕಾಗಲ್ಲ ಕಣಮ್ಮ," ಅನ್ನುವುದು ಅವರ ವಾದ. ನಾಲ್ಕನೆಯವನು ಮಂಗಳೂರಿನ ಒಬ್ಬ ಪಿಎಚ್‌ಡಿ ಹುಡುಗ. ಮೂವತ್ತು ದಾಟಿದವನನ್ನು ಹುಡುಗ ಅನ್ನುವುದು ನಮ್ಮ ಚಾಳಿ. ಅವನು ಯಾವ ಪಕ್ಷಕ್ಕೂ ಸೇರದೆ ಎಲ್ಲದಕ್ಕೂ ಪುರಾವೆ ಕೇಳುತ್ತಾನೆ.

ಮೊದಲು ಈ ಜಗಳ ನಡೆಯುತ್ತಿದ್ದದ್ದು ನನ್ನ ಅಡುಗೆಮನೆಯಲ್ಲಿ. ಪಕ್ಕದ ಮನೆಯವರು ಒಂದು ದಿನ ಬಾಗಿಲು ತಟ್ಟಿ, ಏನಾದರೂ ತೊಂದರೆಯಾಗಿದೆಯಾ, ಯಾರಿಗಾದರೂ ಫೋನ್ ಮಾಡಬೇಕಾ ಅಂತ ಬಹಳ ವಿನಯದಿಂದ ಕೇಳಿದರು. ನಾಚಿಕೆಯಿಂದ ಸತ್ತೆ. ಆಗ ಪಿಎಚ್‌ಡಿ ಹುಡುಗ ದಾರಿ ತೋರಿಸಿದ. "ಇಲ್ಲಿ ಸ್ಟಡಿ ಸರ್ಕಲ್ ಅಂತ ಒಂದು ಉಂಟಲ್ಲ ಅಕ್ಕ. ನಾಲ್ಕು ಜನ ಸೇರಿ ಏನಾದ್ರೂ ಕಲೀತೇವೆ ಅಂತ ಬರ್ದು ಕೊಟ್ರೆ ರೂಮು ಕೊಡ್ತಾರೆ ಮಾರಾಯ್ರೆ, ಕಾಫಿ ಮೆಷಿನ್ ಸಮೇತ."

ಈ ದೇಶದ ಜನ ಏನು ಮಾಡುವುದಿದ್ದರೂ ಸುತ್ತ ಕೂತು ಮಾಡುತ್ತಾರೆ. ಹೆಣಿಗೆಗೆ ಒಂದು ಸರ್ಕಲ್ಲು, ಹಕ್ಕಿ ನೋಡುವುದಕ್ಕೆ ಒಂದು, ಅಣಬೆ ಗುರುತಿಸುವುದಕ್ಕೆ ಒಂದು. ಅದಕ್ಕೊಂದು ಸಂಸ್ಥೆ, ಸಂಸ್ಥೆಗೊಂದು ಅರ್ಜಿ. ನಾನು ಮುಖ್ಯಸ್ಥೆ ಅಂತ ಸಹಿ ಹಾಕಿದೆ. ವಿಷಯ ಅನ್ನುವ ಕಡೆ 'ಕನ್ನಡ ಭಾಷೆ: ಸಂಭಾಷಣೆ' ಅಂತ ಬರೆದೆ. ಪಾಠದ ಯೋಜನೆ ಕೇಳಿದ್ದರು. ಎಲ್ಲರೂ ನಕ್ಕು ನಕ್ಕು ಮೂರು ಸಾಲು ಹೇಳಿಕೊಟ್ಟರು: ದಿನಬಳಕೆಯ ಮಾತು, ಸಂಬಂಧಸೂಚಕ ಪದಗಳು, ಅಭಿಪ್ರಾಯ ಮಂಡನೆ. ಲೈಬ್ರರಿಯ ಮೇಲಿನ ಮಹಡಿಯಲ್ಲಿ ಗುರುವಾರ ಸಂಜೆ ಆರು ಗಂಟೆಗೆ ಒಂದು ಕೋಣೆ ಸಿಕ್ಕಿತು. ಪ್ರತಿ ವಾರ ಹಾಜರಿ ಪಟ್ಟಿ ತುಂಬಬೇಕು, ಅಷ್ಟೆ.

ಕನ್ನಡ ಸಂಭಾಷಣೆ ಅಂತ ಬರೆದ ಮೇಲೆ ಸ್ವಲ್ಪ ಮರ್ಯಾದೆ ಉಳಿಸಿಕೊಳ್ಳೋಣ ಅಂತ ಒಂದು ನಿಯಮ ಮಾಡಿಕೊಂಡೆವು. ಆ ಕೋಣೆಯಲ್ಲಿ ಬೇರೆ ಭಾಷೆಯಲ್ಲಿ ವಾಕ್ಯ ಆಡಿದವರು ಎಲ್ಲರ ಕಾಫಿ ಕಪ್ಪು ತೊಳೆಯಬೇಕು. ಬಿಡಿ ಪದ ಪರವಾಗಿಲ್ಲ, ಇಲ್ಲದಿದ್ದರೆ ನಾವು ಯಾರೂ ಬಾಯಿ ಬಿಡುವ ಹಾಗಿರಲಿಲ್ಲ.

ಈಗ ನನ್ನ ಮಗಳ ವಿಷಯ. ಅವಳಿಗೆ ಹದಿನಾಲ್ಕು. ಹುಟ್ಟಿದ್ದು, ಬೆಳೆದದ್ದು ಎಲ್ಲ ಇಲ್ಲೇ. ಮೂರು ವರ್ಷದ ಹಿಂದೆ ಸ್ಕೂಲಿನ ಮಾತೃಭಾಷೆ ತರಗತಿಗೆ, ಅಂದರೆ ಕನ್ನಡಕ್ಕೆ, ಅವಳನ್ನು ಸೇರಿಸಿದೆ. ಫಾರಂ ಬಂತು, ತುಂಬಿದೆ, ಕಳಿಸಿದೆ. ಅವಳನ್ನು ಕೇಳಬೇಕು ಅನ್ನುವುದು ತಲೆಗೇ ಹೊಳೆಯಲಿಲ್ಲ, ನಮ್ಮನ್ನು ಯಾರು ಕೇಳಿದ್ದರು? ತರಗತಿ ಬಿದ್ದದ್ದು ಅವಳ ಫುಟ್‌ಬಾಲ್ ಅಭ್ಯಾಸದ ಹೊತ್ತಿಗೇ. ಹಲ್ಲು ಕಚ್ಚಿಕೊಂಡು ಒಂದು ಟರ್ಮ್ ಹೋದಳು. ಆಮೇಲೆ ಒಂದು ದಿನ ಶೂ ಬಿಚ್ಚುತ್ತಾ ಸ್ವೀಡಿಷಿನಲ್ಲಿ, "ನೀನು ನನ್ನನ್ನ ಕೇಳಲೇ ಇಲ್ಲ," ಅಂದಳು. ಅವತ್ತಿನಿಂದ ಮನೆಯಲ್ಲಿ ಕನ್ನಡ ನಿಲ್ಲಿಸಿಬಿಟ್ಟಳು. ನಾನು ಕನ್ನಡದಲ್ಲಿ ಕೇಳುವುದು, ಅವಳು ಸ್ವೀಡಿಷಿನಲ್ಲಿ ಒಂದು ಪದ ಉತ್ತರಿಸುವುದು. ನನ್ನ ಗಂಡ ದೂರದ ಶೋವ್ಡೆ ಅನ್ನುವ ಊರಿನ ಎಂಜಿನ್ ಕಾರ್ಖಾನೆಯಲ್ಲಿದ್ದಾರೆ, ಸೋಮವಾರ ಹೋದರೆ ಶುಕ್ರವಾರ ಬರುವುದು. ನಡುವಿನ ದಿನಗಳಲ್ಲಿ ಮನೆಯಲ್ಲಿ ನಾವಿಬ್ಬರೇ. ನನ್ನ ಸ್ವೀಡಿಷ್ ಆಫೀಸಿಗೆ ಸಾಕು, ಮುನಿಸಿಕೊಂಡ ಮಗಳಿಗೆ ಸಾಲದು. ಬೇಯಿಸಿ ಬಡಿಸುತ್ತಿದ್ದೆ, ಎದುರುಬದುರು ಕೂತು ತಿನ್ನುತ್ತಿದ್ದೆವು. ನನಗೆ ಎಷ್ಟು ಹೊಟ್ಟೆ ಉರಿಯುತ್ತಿತ್ತು ಅಂದರೆ ಒಮ್ಮೊಮ್ಮೆ ಬೇಕಂತಲೇ ಸಾರಿಗೆ ಉಪ್ಪು ಹಾಕದೆ ಬಡಿಸುತ್ತಿದ್ದೆ, ಅದಕ್ಕಾದರೂ ಬೈಯಲಿ ಅಂತ. ಅವಳು ಸುಮ್ಮನೆ ಉಪ್ಪು ಹಾಕಿಕೊಂಡು ತಿನ್ನುತ್ತಿದ್ದಳು.

ಫುಟ್‌ಬಾಲ್ ಅಭ್ಯಾಸ ಬುಧವಾರಕ್ಕೆ ಬದಲಾದ ಮೇಲೆ ಗುರುವಾರ ಅವಳೂ ನಮ್ಮ ಕೋಣೆಗೆ ಬರತೊಡಗಿದಳು. ಭಾಷಾಭಿಮಾನದಿಂದ ಅಲ್ಲ, ಹುಬ್ಬಳ್ಳಿ ಗೆಳತಿ ತರುತ್ತಿದ್ದ ದಾಲ್ಚಿನ್ನಿ ಬನ್ನಿಗೆ. ಮೂಲೆಯಲ್ಲಿ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಕೂರುತ್ತಿದ್ದಳು. ನಾಲ್ಕನೆಯ ವಾರವೋ ಐದನೆಯ ವಾರವೋ, ನಾನು ಡಾಕ್ಟರ ಗುಣಗಾನ ಮಾಡುತ್ತಿದ್ದೆ. ನಾಯಕಿಗೆ ಗೊತ್ತಾಗದ ಹಾಗೆ ಅವಳ ಅಂಗಡಿಗೆ ಜಾಗ ನೋಡಿದ, ಮಾವನ ಹತ್ತಿರ ಮಾತಾಡಿದ, ಮುಹೂರ್ತ ಕೂಡ ಕೇಳಿಸಿದ, ಇಂಥವನು ಸಿಗುತ್ತಾನಾ ಅಂತ. ಮೂಲೆಯಿಂದ ಸ್ವೀಡಿಷಿನಲ್ಲಿ ಒಂದು ವಾಕ್ಯ ಬಂತು: ಆದರೆ ಅವನು ಅವಳನ್ನು ಕೇಳಿಯೇ ಇಲ್ಲವಲ್ಲ.

ಎಲ್ಲರೂ ತಿರುಗಿ ನೋಡಿದೆವು. ಒಂದು ಕಿವಿಯ ಇಯರ್‌ಫೋನ್ ಕೈಯಲ್ಲಿತ್ತು. ಹುಬ್ಬಳ್ಳಿ ಗೆಳತಿ ಕಪ್ಪುಗಳ ಟ್ರೇಯನ್ನು ಅವಳ ಮುಂದಕ್ಕೆ ತಳ್ಳಿದಳು. ನಿಯಮ ಅಂದರೆ ನಿಯಮ. ಮಗಳು ಟ್ರೇ ನೋಡಿದಳು, ನನ್ನನ್ನು ಗುರಾಯಿಸಿದಳು, ಆಮೇಲೆ ಒಂದೊಂದೇ ಪದ ಹುಡುಕಿ ಜೋಡಿಸಿದಳು.

"ಅವನು... ಅವಳಿಗೆ ಕೇಳೇ ಇಲ್ಲ. ಯಾವತ್ತೂ ಇಲ್ಲ."

ಒಳ್ಳೆಯ ತಾಯಿಯಾಗಿದ್ದರೆ ಆಗ ಕಣ್ಣೊರೆಸಿಕೊಂಡು ಸುಮ್ಮನಾಗುತ್ತಿದ್ದಳು. ನನಗೆ ಡಾಕ್ಟರನ್ನು ಬಿಟ್ಟುಕೊಡಲು ಆಗಲಿಲ್ಲ. "ಕೇಳೋದೇನೇ ಅದರಲ್ಲಿ? ಅವನ ಕಣ್ಣು ನೋಡಿದ್ರೆ ಗೊತ್ತಾಗಲ್ವಾ?" ಅಂದೆ.

"ಕಣ್ಣು ಕೇಳಲ್ಲ ಅಮ್ಮ. ಬಾಯಿ ಕೇಳುತ್ತೆ."

"ಹಾಂ, ಹಂಗ ಹೇಳವಾ!" ಅಂತ ಹುಬ್ಬಳ್ಳಿ ಗೆಳತಿ ಮೇಜು ಗುದ್ದಿದಳು. ಎರಡು ವರ್ಷದ ಮೇಲೆ ನನ್ನ ಮಗಳು ನನ್ನ ಜೊತೆ ಕನ್ನಡದಲ್ಲಿ ಜಗಳವಾಡಿದ್ದಳು. ಆ ಸಂಜೆ ನಾನು ಸೋತೆ, ಬಹಳ ಖುಷಿಯಾಗಿದ್ದೆ.

ಆಮೇಲೆ ಪ್ರತಿ ಗುರುವಾರ ಬಂದಳು. ದೊಡ್ಡಮ್ಮನಿಂದ ಹೊಸ ಹೊಸ ಪದ ಕಲಿತು ಅದನ್ನು ನನ್ನ ಮೇಲೇ ಪ್ರಯೋಗಿಸುತ್ತಿದ್ದಳು. ಆದರೆ ಇದೆಲ್ಲ ಆ ಕೋಣೆಯ ಒಳಗೆ ಮಾತ್ರ. ಹೊರಗೆ ಕಾಲಿಟ್ಟರೆ ಮುಗಿಯಿತು. ಬಸ್ಸಿನಲ್ಲಿ ನನಗಿಂತ ಎರಡು ಸೀಟು ಮುಂದೆ ಕೂರುತ್ತಿದ್ದಳು, ನಾನು ಕನ್ನಡದಲ್ಲಿ ಕರೆದರೆ ಯಾರೋ ಅಪರಿಚಿತಳು ಕರೆದಂತೆ ಕಿಟಕಿ ನೋಡುತ್ತಿದ್ದಳು. ಮಗಳು ನನಗೆ ಸಿಗುತ್ತಿದ್ದದ್ದು ವಾರಕ್ಕೆ ಎರಡೇ ಗಂಟೆ, ಲೈಬ್ರರಿಯ ಮೇಲಿನ ಮಹಡಿಯಲ್ಲಿ.

ಅಂಥದ್ದರಲ್ಲಿ ಸಂಸ್ಥೆಯಿಂದ ಮೇಲ್ ಬಂತು. ಮುಂದಿನ ಗುರುವಾರ ನಮ್ಮವರೊಬ್ಬರು ನಿಮ್ಮ ಸರ್ಕಲ್ ನೋಡಲು ಬರುತ್ತಾರೆ, ಅಷ್ಟೇ ಇದ್ದದ್ದು. ಕೊನೆಗೆ ಒಂದು ನಗುವ ಮುಖವೂ ಇತ್ತು. ಕಾಗದದ ಮೇಲೆ ಭಾಷೆ ಅಂತ ಬರೆದು ಧಾರಾವಾಹಿ ಮಾತಾಡುತ್ತಿದ್ದೇವೆ, ಸಹಿ ನನ್ನದು. ಸುಳ್ಳು ಅಂತ ಗೊತ್ತಾದರೆ ಕೋಣೆ ಹೋಗುತ್ತದೆ. ಕೋಣೆ ಹೋದರೆ ನಿಯಮ ಹೋಗುತ್ತದೆ, ನಿಯಮ ಹೋದರೆ ಮಗಳ ಬಾಯಿ ಮತ್ತೆ ಮುಚ್ಚುತ್ತದೆ. ನಿಜವಾಗಿ ನನಗೆ ಭಯವಾದದ್ದು ಅದಕ್ಕೇ.

ಇಲ್ಲಿನವರಾಗಿದ್ದರೆ ಬರಲಿ, ಒಂದು ಕಪ್ ಕಾಫಿ ಹೆಚ್ಚು ಮಾಡೋಣ ಅನ್ನುತ್ತಿದ್ದರು. ನಾನು ಓದಿದ್ದು ಬೆಂಗಳೂರಿನ ಶಾಲೆಯಲ್ಲಿ. ಸಾಹೇಬರು ಇನ್‌ಸ್ಪೆಕ್ಷನ್‌ಗೆ ಬರುತ್ತಾರೆ ಅಂದರೆ ಒಂದು ವಾರ ಮುಂಚೆ ನಮ್ಮ ಮೇಷ್ಟ್ರು ಪ್ರಶ್ನೆ ಯಾರಿಗೆ, ಉತ್ತರ ಯಾರದ್ದು ಎಲ್ಲ ಹಂಚಿಬಿಡುತ್ತಿದ್ದರು. ನಾನೂ ಹಾಗೇ ಮಾಡಿದೆ. ದೊಡ್ಡ ಹಾಳೆಯಲ್ಲಿ ಅ ಆ ಇ ಈ ಬರೆದೆ. ಹುಬ್ಬಳ್ಳಿ ಗೆಳತಿಗೆ ಹಾಳೆ ತೋರಿಸಿ ಅಕ್ಷರ ಓದಿಸುವ ಕೆಲಸ. ಪಿಎಚ್‌ಡಿ ಹುಡುಗ ಈಗ ತಾನೇ ಕಲಿಯುವವನಂತೆ ತೊದಲಬೇಕು. ದೊಡ್ಡಮ್ಮ ಒಂದು ಕಾಗೆ ಕಥೆ ಹೇಳಬೇಕು. ಧಾರಾವಾಹಿಯ ಮಾತು ಯಾರೂ ಎತ್ತಕೂಡದು.

"ನಾನು ತೊದಲುವುದಾ?" ಅಂದ ಪಿಎಚ್‌ಡಿ ಹುಡುಗ. "ಎಂಥ ಅವಸ್ಥೆ ಮಾರಾಯ್ರೆ."

ಮಗಳಿಗೆ, "ಈ ವಾರ ನೀನು ಬರಬೇಡ," ಅಂದೆ. ಪಟ್ಟಿಯಲ್ಲಿ ಅವಳ ಹೆಸರು ಇರಲಿಲ್ಲ, ಸುಮ್ಮನೆ ಜೊತೆಗೆ ಬರುವ ಮಗು ಅಂತ ನಾನು ಬರೆದೇ ಇರಲಿಲ್ಲ. ಇನ್ನೊಂದು ತಪ್ಪು ಯಾಕೆ ತೋರಿಸುವುದು ಅನಿಸಿತ್ತು. ಅವಳು ಉಪ್ಪು ಹಾಕಿಕೊಂಡು ಊಟ ಮುಗಿಸಿ ಎದ್ದುಹೋದಳು.

ಗುರುವಾರ ಆರು ಗಂಟೆಗೆ ಸರಿಯಾಗಿ ಆ ಹೆಂಗಸು ಬಂದರು. ಅರುವತ್ತರ ಹತ್ತಿರದ ವಯಸ್ಸು, ಕತ್ತರಿಸಿದ ಬಿಳಿ ಕೂದಲು, ಕೈಯಲ್ಲಿ ಸೈಕಲ್ ಹೆಲ್ಮೆಟ್. ಕಾಫಿ ತೆಗೆದುಕೊಂಡು ಕುರ್ಚಿಯ ತುದಿಯಲ್ಲಿ ಕೂತು, ನಾನಿಲ್ಲ ಅಂದುಕೊಂಡು ಮುಂದುವರಿಸಿ ಅಂದರು. ಅವರ ಹಿಂದೆಯೇ ಬಾಗಿಲು ಮತ್ತೆ ತೆರೆಯಿತು, ನನ್ನ ಮಗಳು ಒಳಗೆ ಬಂದು ಮೂಲೆಯಲ್ಲಿ ಕೂತಳು. ಬರಬೇಡ ಅಂದಿದ್ದೆನಲ್ಲ!

ಹುಬ್ಬಳ್ಳಿ ಗೆಳತಿ ಅಳತೆಗೋಲಿನಿಂದ ಹಾಳೆ ಮುಟ್ಟಿ "ಅ" ಅಂದಳು. ಪಿಎಚ್‌ಡಿ ಹುಡುಗ "ಅ" ಅಂದ. "ಆ" ಅಂದಳು. "ಆ" ಅಂದ. ಆ ಹೆಂಗಸು ತಲೆಯಾಡಿಸಿದರು, ಗಡಿಯಾರವನ್ನೂ ನೋಡಿದರು. ನಾನು ದೊಡ್ಡಮ್ಮನಿಗೆ ಕಣ್ಸನ್ನೆ ಮಾಡಿದೆ.

"ಒಂದೂರಲ್ಲಿ ಒಂದು ಕಾಗೆ ಇತ್ತು," ಅಂತ ದೊಡ್ಡಮ್ಮ ಶುರು ಮಾಡಿದರು. "ಆ ಕಾಗೆಗೆ... ಅದಕ್ಕೆ ಬಾಯಾರಿಕೆ..." ನಿಲ್ಲಿಸಿದರು. ಅವರ ಮುಖ ಕೆಂಪಾಗಿತ್ತು. ಊರಿನಲ್ಲಿ ಸಂಜೆ ಬರುವ ಕಂತನ್ನು ನಮ್ಮಲ್ಲಿ ಇಲ್ಲಿನ ಮಧ್ಯಾಹ್ನವೇ ನೋಡುವವರು ಅವರೊಬ್ಬರೇ, ನಾವೆಲ್ಲ ಕೆಲಸ ಮುಗಿಸಿ ಆಮೇಲೆ ನೋಡಬೇಕು.

"ಈ ಕಾಗೆ ಮನೆ ಹಾಳಾಗ! ಅವನು ಬದುಕಿದಾನೆ ಕಣ್ರೇ! ಇವತ್ತು ಆಸ್ಪತ್ರೇಲಿ ಒಂದು ಕೈ ತೋರಿಸಿದ್ರು, ಕೈ ಅಲ್ಲಾಡಿತು! ನಾನು ಹೇಳಿರಲಿಲ್ವಾ?"

ಒಂದು ಕ್ಷಣ ಎಲ್ಲರೂ ನನ್ನ ಮುಖ ನೋಡಿದರು. ಆಮೇಲೆ ಯಾರೂ ನೋಡಲಿಲ್ಲ.

"ಯಾರ ಕೈ? ಮುಖ ತೋರಿಸಿದ್ರಾ? ಕೈಗೆ ಹೆಸರು ಉಂಟಾ?" ಅಂದ ಪಿಎಚ್‌ಡಿ ಹುಡುಗ, ತೊದಲುವುದನ್ನು ಮರೆತು.

"ಕೈಯಾಗ ಉಂಗುರ ಇತ್ತೇನ್ರಿ ದೊಡ್ಡಮ್ಮಾ? ಖರೇ ಹೇಳ್ರಿ!" ಹುಬ್ಬಳ್ಳಿ ಗೆಳತಿಯ ಅಳತೆಗೋಲು ಗಾಳಿಯಲ್ಲಿತ್ತು. "ಗಂಡ ವಾಪಸ್ ಬಂದ್ರ ಮೈದುನನ ಗತಿ ಏನ್ರಿ? ಎರಡು ವರ್ಷ ಆಕಿ ಸಲುವಾಗಿ ಕಾದಾನ!"

"ಅಮ್ಮ, ಈಗ ನಿನ್ನ ಡಾಕ್ಟರು ಏನು ಮಾಡ್ತಾನೆ?" ಅಂದಳು ಮಗಳು ಮೂಲೆಯಿಂದ. "ಮುಹೂರ್ತ ಕ್ಯಾನ್ಸಲ್!"

ನಾನು ಸುಮ್ಮನಿರಬೇಕಿತ್ತು. "ಡಾಕ್ಟರು ಏನು ಮಾಡ್ತಾರೆ ಅಂದ್ರೆ? ಅವನಿಗೆ ಟ್ರೀಟ್‌ಮೆಂಟ್ ಕೊಡ್ತಿರೋರು ಅವರೇ ಆಗಿರ್ತಾರೆ! ಅಷ್ಟು ದೊಡ್ಡ ಮನಸ್ಸು ಅವರದ್ದು!" ಅಂತ ಕಿರುಚಿದೆ. ಕಿರುಚಿದ ಮೇಲೆ ಕುರ್ಚಿಯ ತುದಿಯಲ್ಲಿದ್ದವರ ನೆನಪಾಯಿತು.

ಅವರು ಪೆನ್ನು ಕೆಳಗಿಟ್ಟಿದ್ದರು. ನಾನು ಏನೋ ಹೇಳಲು ಹೋದರೆ ಕೈ ಎತ್ತಿ ತಡೆದು, ನನ್ನ ಮಗಳ ಕಡೆ ಬಗ್ಗಿ, ಏನಾಗಿದೆ ಅಂತ ಸ್ವೀಡಿಷಿನಲ್ಲಿ ಕೇಳಿದರು. ಮಗಳು ಕುರ್ಚಿ ಎಳೆದುಕೊಂಡು ಅವರ ಪಕ್ಕ ಕೂತು ಎಲ್ಲ ಹೇಳಿದಳು. ಘಾಟಿ, ಕಾರು, ಡಾಕ್ಟರು, ಗಿಟಾರು, ಇವತ್ತಿನ ಕೈ. ನಡುವೆ ನಮ್ಮ ಕಡೆ ತಿರುಗಿ, "ದೊಡ್ಡಮ್ಮ, ಯಾವ ಕೈ, ಬಲಗೈಯಾ ಎಡಗೈಯಾ?" ಅಂತ ಕನ್ನಡದಲ್ಲಿ ಖಚಿತಪಡಿಸಿಕೊಳ್ಳುತ್ತಿದ್ದಳು. ಕೊನೆಗೆ ಆ ಹೆಂಗಸು ಸ್ವಲ್ಪ ಯೋಚಿಸಿ ಒಂದು ಪ್ರಶ್ನೆ ಕೇಳಿದರು. ಮಗಳು ಎದ್ದೇ ನಿಂತಳು.

"ನೋಡು ಅಮ್ಮ! ಇವರು ಕೇಳ್ತಿದಾರೆ, ಆ ಹುಡುಗಿಗೆ ಯಾರು ಬೇಕಂತೆ ಅಂತ. ಅದನ್ನೇ ತಾನೇ ನಾನು ಆವಾಗಿಂದ ಹೇಳ್ತಿರೋದು!"

ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ ಅನಿಸಿ, ನನ್ನ ಹರಕು ಸ್ವೀಡಿಷಿನಲ್ಲಿ ಎಲ್ಲ ಒಪ್ಪಿಕೊಂಡೆ. ನಾವು ಇಲ್ಲಿ ಒಂದು ದಿನವೂ ಅಕ್ಷರ ಕಲಿಸಿಲ್ಲ, ಈ ಹಾಳೆ ನಿನ್ನೆ ಬರೆದದ್ದು, ಧಾರಾವಾಹಿ ಬಿಟ್ಟು ಬೇರೆ ಮಾತಾಡಿಲ್ಲ, ತಪ್ಪು ನನ್ನದು ಅಂದೆ.

ಅವರು ಫೈಲಿನಿಂದ ನನ್ನದೇ ಅರ್ಜಿ ತೆಗೆದರು. ಬೆರಳಿಟ್ಟು ನಿಧಾನವಾಗಿ ಓದಿದರು. ದಿನಬಳಕೆಯ ಮಾತು, ಇತ್ತು. ಸಂಬಂಧಸೂಚಕ ಪದಗಳು, ಅದೂ ಇತ್ತು, ಗಂಡನ ತಮ್ಮನಿಗೇ ಒಂದು ಪ್ರತ್ಯೇಕ ಪದ ಇದೆ ಅಂತ ನಿಮ್ಮ ಮಗಳು ಹೇಳಿದಳು, ನಮ್ಮಲ್ಲಿಲ್ಲ. ಅಭಿಪ್ರಾಯ ಮಂಡನೆ. ಅಲ್ಲಿ ನಿಲ್ಲಿಸಿ ಹುಬ್ಬಳ್ಳಿ ಗೆಳತಿಯ ಅಳತೆಗೋಲು ನೋಡಿ ನಕ್ಕರು. "ನೀವು ಬರೆದದ್ದನ್ನೇ ಮಾಡುತ್ತಿದ್ದೀರಿ. ನನಗೆ ಅರ್ಥವಾಗದ್ದು ಆ ಹಾಳೆ ಒಂದೇ," ಅಂದರು.

ಅಬ್ಬಾ! ನನಗೆ ಆದ ಸಮಾಧಾನವನ್ನು ಹೇಗೆ ಹೇಳಲಿ? "ಏನಂತಮ್ಮ? ರೂಮು ಉಳೀತಾ?" ಅಂತ ದೊಡ್ಡಮ್ಮ ಕೇಳುತ್ತಲೇ ಇದ್ದರು. ಉಳಿಯಿತು ದೊಡ್ಡಮ್ಮ, ಉಳಿಯಿತು ಅಂದೆ. ಪಿಎಚ್‌ಡಿ ಹುಡುಗ ಗೋಡೆಯ ಹಾಳೆ ಕಿತ್ತು ಸುರುಳಿ ಸುತ್ತಿದ.

"ಒಂದೇ ವಿಷಯ," ಅಂದರು ಆ ಹೆಂಗಸು, ಹಾಜರಿ ಪಟ್ಟಿ ನನ್ನ ಮುಂದೆ ಇಟ್ಟು. "ಇಲ್ಲಿ ನಾಲ್ಕು ಹೆಸರಿದೆ. ಎಲ್ಲರಿಗಿಂತ ಹೆಚ್ಚು ಮಾತಾಡಿದವಳದ್ದೇ ಇಲ್ಲ. ಅವಳ ವಯಸ್ಸಿನವರೂ ಸೇರಬಹುದು. ಹೆಸರು ಬರೆಯಿರಿ."

ಇಷ್ಟೇ ತಾನೇ! ಪೆನ್ನಿನ ಮುಚ್ಚಳ ತೆಗೆದು, ಐದನೆಯ ಸಾಲಿಗೆ ಕೈ ಇಟ್ಟೆ. ಮೊದಲ ಅಕ್ಷರದ ಅರ್ಧ ಗೀಟು ಎಳೆದೂ ಆಗಿತ್ತು. ಯಾಕೋ ತಲೆ ಎತ್ತಿದೆ. ಮಗಳು ನನ್ನ ಪೆನ್ನಿನ ತುದಿಯನ್ನೇ ನೋಡುತ್ತಿದ್ದಳು. ಶೂ ಬಿಚ್ಚುತ್ತಾ ಆ ಮಾತು ಹೇಳಿದ ದಿನವೂ ಅವಳ ಮುಖ ಹೀಗೇ ಇತ್ತು.

ಕೈ ಹಿಂದೆ ತೆಗೆದೆ. "ನಿನ್ನ ಹೆಸರು ಸೇರಿಸಲಾ?" ಅಂತ ಕೇಳಿದೆ.

ಅವಳು ಪಟ್ಟಿಯನ್ನು ಒಮ್ಮೆ ನೋಡಿದಳು. ಆಮೇಲೆ ಬಂದು ನನ್ನ ಕೈಯಿಂದ ಪೆನ್ನು ತೆಗೆದುಕೊಂಡು, "ಕೊಡು, ನಾನೇ ಬರೀತೀನಿ," ಅಂದಳು. ನಾನೆಳೆದ ಅರ್ಧ ಗೀಟನ್ನು ಹೊಡೆದುಹಾಕಿ ಪಕ್ಕದಲ್ಲಿ ತನ್ನ ಹೆಸರು ಬರೆದಳು.

ವಾಪಸ್ ಹೋಗುವಾಗ ಬಸ್ಸಿನಲ್ಲಿ ಕೆಲಸ ಮುಗಿಸಿ ಹೊರಟವರು ತುಂಬಿದ್ದರು, ಎಲ್ಲರೂ ತಮ್ಮ ತಮ್ಮ ಫೋನು ನೋಡುತ್ತಾ ಮೌನವಾಗಿದ್ದರು. ನಾನು ಎಂದಿನ ಜಾಗದಲ್ಲಿ ಕೂತೆ. ಮಗಳು ಎರಡು ಸೀಟು ಮುಂದೆ ಹೋದವಳು ನಿಂತು, ತಿರುಗಿ ಬಂದು ನನ್ನ ಪಕ್ಕ ಧೊಪ್ಪನೆ ಕೂತಳು.

"ಅಮ್ಮ, ನಿಜ ಹೇಳು. ಗಂಡ ವಾಪಸ್ ಬಂದ್ರೂ ನೀನು ಡಾಕ್ಟರ್ ಪಾರ್ಟೀನಾ?"

ಮುಂದಿನ ಸೀಟಿನವರು ಬೆಚ್ಚಿ ತಿರುಗಿ ನೋಡಿದರು. "ಮೆಲ್ಲಗೆ ಮಾತಾಡೇ, ಎಲ್ಲಾ ನೋಡ್ತಿದಾರೆ," ಅಂದೆ. ಆ ಮಾತು ನನ್ನ ಬಾಯಿಂದ ಬಂತು ಅಂತ ನನಗೇ ನಂಬಿಕೆಯಾಗಲಿಲ್ಲ.

"ನೋಡ್ಲಿ ಬಿಡು. ನೀನು ಪಾರ್ಟಿ ಬಿಡು, ಆಮೇಲೆ ಮೆಲ್ಲಗೆ ಮಾತಾಡ್ತೀನಿ."

ನಾನು ಬಿಡಲಿಲ್ಲ. ಯಾಕೆ ಬಿಡಬೇಕು? ಮನೆಯ ಬಾಗಿಲು ತೆಗೆಯುವವರೆಗೂ, ತೆಗೆದ ಮೇಲೂ ಕಿತ್ತಾಡಿದೆವು. ಅವತ್ತು ಸಾರಿಗೆ ಉಪ್ಪು ಸರಿಯಾಗಿಯೇ ಹಾಕಿದ್ದೆ, ಆದರೂ ಅವಳು ಬೈದಳು.